ಆಟಿಯ ಊಟ ಒಂದೇ ದಿನಕ್ಕೆ ಮುಗಿಯದಿರಲಿ

ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆಟಿ ತಿಂಗಳು ಬಂತೆಂದರೆ ಮುಂಬಯಿಯ ತುಳು-ಕನ್ನಡಿಗರ ಸಂಘ ಸಂಸ್ಥೆಗಳಲ್ಲಿ ‘ಆಟಿಡೊಂಜಿ ದಿನ’ದ ಸಡಗರ. ಮಹಿಳಾ ವಿಭಾಗದ ಸದಸ್ಯೆಯರು ಮನೆಯಿಂದ ಮಾಡಿ ತಂದ ಪತ್ರೊಡೆ, ತಜಂಕಿನ ಅಂಬಡೆ, ಕಣಿಲೆ ಪಲ್ಯ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯ ಪಲ್ಯ, ಹುರುಳಿ ಚಟ್ನಿ ಸಭಾಗೃಹದಲ್ಲಿ ಸಾಲಾಗಿ ಕೂರುತ್ತವೆ. ಗಣ್ಯರ ಭಾಷಣವಾಗುತ್ತದೆ, ಊಟವಾಗುತ್ತದೆ, ಭಾವಚಿತ್ರವೂ ಆಗುತ್ತದೆ. ಜನ್ಮಭೂಮಿಯ ನೆನಪನ್ನು ಕರ್ಮಭೂಮಿಯಲ್ಲಿ ಉಳಿಸುವ ಈ ಪ್ರಯತ್ನ ಶ್ಲಾಘನೀಯವೇ. ಆದರೆ ಮರುದಿನ ಅದೇ ಮನೆಗಳ ಅಡುಗೆಗೆ ಬರುವುದು ಹೂಕೋಸು, ದೊಣ್ಣೆಮೆಣಸು ಮತ್ತು ಪ್ಯಾಕೆಟಿನ ಬಟಾಣಿ. ಮಳೆಗಾಲದ ಊಟ ವರ್ಷಕ್ಕೊಮ್ಮೆ ನೋಡುವ ಪ್ರದರ್ಶನವಾಗಿ ಉಳಿದರೆ ಸಾಕೇ ಎಂಬುದು ಸಂಘಗಳು ಯೋಚಿಸಬೇಕಾದ ಪ್ರಶ್ನೆ.

ಹಿರಿಯರು ಋತುಮಾನಕ್ಕೆ ತಕ್ಕಂತೆ ಉಂಡದ್ದು ಶೋಕಿಗಲ್ಲ. ಆಟಿ ಎಂದರೆ ಕಷ್ಟದ ತಿಂಗಳು. ನಾಟಿ ಮುಗಿದು ಕೂಲಿ ಇಲ್ಲ, ಅಕ್ಕಿಯ ಮುಡಿ ಬರಿದಾಗಿದೆ, ಹೊರಗೆ ಬಿಡದ ಮಳೆ. ಆಗ ಹಿತ್ತಿಲು ಮತ್ತು ಗುಡ್ಡ ಕೊಟ್ಟದ್ದನ್ನು ತಿಂದರು. ಆ ಹಸಿವನ್ನು ವೈಭವೀಕರಿಸಬೇಕಾಗಿಲ್ಲ. ಆದರೆ ಆ ಹಸಿವಿನಿಂದಲೇ ಒಂದು ದೊಡ್ಡ ತಿಳಿವಳಿಕೆ ಬೆಳೆಯಿತು. ಕೆಸುವಿನ ಎಲೆ ಗಂಟಲು ತುರಿಸುತ್ತದೆ, ಅದಕ್ಕೆ ಹುಳಿ ಬೇಕು ಮತ್ತು ಚೆನ್ನಾಗಿ ಬೇಯಬೇಕು. ಕಣಿಲೆಯಲ್ಲಿ ವಿಷಾಂಶವಿದೆ, ಅದನ್ನು ಹೆಚ್ಚಿ ನೀರು ಬದಲಾಯಿಸುತ್ತ ನೆನೆಸಿಟ್ಟು ಬೇಯಿಸದೆ ತಿನ್ನುವಂತಿಲ್ಲ. ಮೇ ತಿಂಗಳಲ್ಲಿ ಹಲಸು ರಾಶಿ ಬೀಳುವಾಗ ಸೊಳೆಯನ್ನು ಉಪ್ಪಿನಲ್ಲಿಟ್ಟರೆ ಆಟಿಯಲ್ಲಿ ಪಲ್ಯಕ್ಕೆ ಚಿಂತೆಯಿಲ್ಲ. ಇಂಥ ವಿದ್ಯೆ ಕೈಯಿಂದ ಕೈಗೆ ದಾಟಬೇಕು. ಕಣಿಲೆಯನ್ನು ಬಫೆಯಲ್ಲಿ ಮಾತ್ರ ಕಂಡ ಮೊಮ್ಮಗಳಿಗೆ ಅದು ದಾಟುವುದಿಲ್ಲ. ಆ ಅಜ್ಜಿಯಂದಿರ ಸಂಖ್ಯೆ ಪ್ರತಿ ಆಟಿಗೂ ಕಡಿಮೆಯಾಗುತ್ತಿದೆ.

ಇವೆಲ್ಲ ಊರಲ್ಲಿ ಮಾತ್ರ ಸಿಗುತ್ತವೆ ಎಂಬ ಮಾತೂ ಪೂರ್ಣ ನಿಜವಲ್ಲ. ಮುಂಬಯಿಯೂ ಅದೇ ಕರಾವಳಿಯ ಮೇಲಿದೆ, ಅದೇ ಮುಂಗಾರಿನಲ್ಲಿ ನೆನೆಯುತ್ತದೆ. ಉಪನಗರ ರೈಲು ನಿಲ್ದಾಣಗಳ ಹೊರಗೆ ಪಾಲ್ಘರ್, ರಾಯಗಢ ಕಡೆಯ ಆದಿವಾಸಿ ಮಹಿಳೆಯರು ಮಳೆಗಾಲದಲ್ಲಿ ಗೋಣಿ ಹಾಸಿ ಮಾರುವ ‘ಟಾಕಳಾ’ ಬೇರೇನೂ ಅಲ್ಲ, ಊರಿನ ತಜಂಕೇ. ‘ಅಳು’ ಎಂದರೆ ಕೆಸು. ‘ಕರ್ಟೋಲಿ’ ಎಂದರೆ ಮಡಹಾಗಲ. ಹೆಸರು ಮರಾಠಿಯಾದ ಕಾರಣಕ್ಕೆ ಅದನ್ನು ದಾಟಿ ಹೋಗಿ, ಊರಿನಿಂದ ಯಾರಾದರೂ ಕಟ್ಟು ತರಲಿ ಎಂದು ಕಾಯುವವರು ಅನೇಕರು. 1998ರಲ್ಲಿ ಕೊಂಕಣ ರೈಲು ಸಂಚಾರ ಪೂರ್ಣವಾಗಿ ಆರಂಭವಾದ ಮೇಲೆ ಊರಿನ ಸೌತೆ, ಬಸಳೆ ಮುಂಬಯಿಗೆ ಹತ್ತಿರವಾದವು ನಿಜ. ಆದರೆ ಮನೆ ಬಾಗಿಲಲ್ಲಿರುವ ಸೊಪ್ಪಿಗೆ ರೈಲು ಬೇಕಿಲ್ಲ.

ಲೆಕ್ಕದ ದೃಷ್ಟಿಯಿಂದಲೂ ಇದು ಜಾಣತನ. ಹಂಗಾಮಿನಲ್ಲಿ ಬೆಳೆ ಒಟ್ಟಿಗೆ ಬರುವುದರಿಂದ ದರ ಇಳಿಯುತ್ತದೆ, ರುಚಿ ಏರುತ್ತದೆ. ಹಂಗಾಮು ತಪ್ಪಿದ ತರಕಾರಿಗೆ ದೂರದ ಸಾಗಣೆ, ಶೀತಲಗೃಹದ ವೆಚ್ಚ ಸೇರುತ್ತದೆ. ಇಟ್ಟಷ್ಟು ದಿನ ಸಿ ಜೀವಸತ್ವದಂಥ ಅಂಶಗಳು ಕುಂದುತ್ತವೆ. ಅವಸರದ ಮಾವಿನಲ್ಲಿ ಇನ್ನೊಂದು ಅಪಾಯವಿದೆ. ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಹಣ್ಣು ಮಾಗಿಸುವುದು ದೇಶದಲ್ಲಿ ನಿಷಿದ್ಧವಾಗಿದ್ದರೂ ಹಂಗಾಮಿಗೆ ಮೊದಲೇ ಹಣ್ಣು ಬೇಕೆನ್ನುವ ಗಿರಾಕಿ ಇರುವವರೆಗೆ ಆ ಆಮಿಷವೂ ಇರುತ್ತದೆ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾಮಾನ್ಯ ಸಂಬಳದ ಕುಟುಂಬಕ್ಕೆ ಅಷ್ಟು ತಿನ್ನಲು ಸಾಧ್ಯವಾಗುವುದು ಆಯಾ ಕಾಲದ ಅಗ್ಗದ ತರಕಾರಿಯಿಂದಲೇ ಹೊರತು ಹೂಕೋಸಿನ ಮಳೆಗಾಲದ ದರದಿಂದಲ್ಲ.

ಇದು ಕರಾವಳಿಯವರಿಗೆ ಸೀಮಿತವಾದ ಮಾತಲ್ಲ. ಸಂಕ್ರಾಂತಿಯ ಹಿಂದಿನ ದಿನ ಉತ್ತರ ಕರ್ನಾಟಕದ ಮನೆಗಳಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಜೊತೆ ಬದನೆ, ಅವರೆ, ಗಜ್ಜರಿ, ಹಸಿ ಕಡಲೆ ಕೂಡಿಸಿದ ಭೋಗಿ ಪಲ್ಯವಾಗುತ್ತದೆ. ಮಹಾರಾಷ್ಟ್ರದ ನೆರೆಮನೆಯಲ್ಲೂ ಅದೇ. ಹಳೇ ಮೈಸೂರಿನವರಿಗೆ ಡಿಸೆಂಬರ್-ಜನವರಿ ಎಂದರೆ ಸೊಗಡಿನ ಅವರೆಕಾಯಿ. ಹಬ್ಬದ ಪಂಚಾಂಗವೇ ಬೆಳೆಯ ಪಂಚಾಂಗವೂ ಆಗಿತ್ತು.

ಇನ್ನು ಬೆಳೆಯುವ ಮಾತು. ಚಾಲಿನ ಒಂದು ಕೋಣೆಯಲ್ಲಿ, ಕಟ್ಟಡದ ಐದನೇ ಮಹಡಿಯಲ್ಲಿ ತೋಟ ಎಲ್ಲಿಂದ ಎಂದು ಕೇಳುವುದು ಸಹಜ. ಕಿಟಕಿಯ ಗ್ರಿಲ್ಲಿನಲ್ಲಿ ಎರಡು ಗಂಟೆ ಬಿಸಿಲು ಬಿದ್ದರೂ ಕುಂಡದಲ್ಲಿ ನೆಟ್ಟ ಅರಸಿನದ ಕೋಡು ಎಲೆ ಬಿಡುತ್ತದೆ. ಮೇ ಕೊನೆಯಲ್ಲಿ ನೆಟ್ಟರೆ ನಾಗರಪಂಚಮಿಯ ಅರಸಿನ ಎಲೆಯ ಗಟ್ಟಿಗೆ ಮಾಟುಂಗದ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಬೇಕಾಗಿಲ್ಲ. ಅಡುಗೆಗೆ ತಂದ ಬಸಳೆಯ ದಂಟನ್ನು ಎಸೆಯದೆ ಚುಚ್ಚಿದರೆ ಅದು ಗ್ರಿಲ್ಲಿಗೇ ಹಬ್ಬುತ್ತದೆ. ಬಿಸಿಲು ಸ್ವಲ್ಪ ಹೆಚ್ಚಿದ್ದಲ್ಲಿ, ಮಳೆಯ ಅಬ್ಬರ ಇಳಿದ ಮೇಲೆ ಚೆಲ್ಲಿದ ಹರಿವೆ ಬೀಜ ತಿಂಗಳೊಳಗೆ ಸೊಪ್ಪಾಗುತ್ತದೆ. ಕುಂಡದ ತಟ್ಟೆಯಲ್ಲಿ ನೀರು ನಿಲ್ಲದಂತೆ ಮಾತ್ರ ನೋಡಿಕೊಳ್ಳಬೇಕು; ಡೆಂಗ್ಯೂ ಸೊಳ್ಳೆಗೆ ಅಷ್ಟೇ ಸಾಕು. ಇದರಿಂದ ಮನೆಯ ಖರ್ಚು ಬಹಳ ಉಳಿಯಲಾರದು. ಆದರೆ ಸೊಪ್ಪು ಬೆಳೆಯಲು ಎಷ್ಟು ದಿನ ಬೇಕೆಂದು ಕಂಡ ಮಗು ತಟ್ಟೆಯಲ್ಲಿ ಅದನ್ನು ಬಿಟ್ಟು ಏಳುವುದಿಲ್ಲ.

ಸಂಘಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಮುಂದಿನ ಆಟಿಡೊಂಜಿ ದಿನದಲ್ಲಿ ಒಂದು ಭಾಷಣ ಕಡಿಮೆ ಮಾಡಿ, ಆ ಅರ್ಧ ಗಂಟೆ ಹಿರಿಯ ಮಹಿಳೆಯರಿಗೆ ಕೊಡಲಿ. ಅವರು ವೇದಿಕೆಯಲ್ಲೇ ಕೆಸುವಿನ ಎಲೆಗೆ ಹಿಟ್ಟು ಹಚ್ಚಿ ಸುತ್ತಲಿ, ಯುವಕ ಯುವತಿಯರು ಪಕ್ಕದಲ್ಲಿ ನಿಂತು ಕಲಿಯಲಿ. ಊಟ ಮುಗಿಸಿ ಹೊರಡುವವರ ಕೈಗೆ ಒಂದು ತುಂಡು ಬಸಳೆ ದಂಟು, ಒಂದು ಚಿಟಿಕೆ ಹರಿವೆ ಬೀಜ ಸಿಗಲಿ. ಸೊಪ್ಪುಗಳ ತುಳು, ಕನ್ನಡ, ಮರಾಠಿ ಹೆಸರಿನ ಒಂದು ಪಟ್ಟಿಯನ್ನು ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಅಚ್ಚು ಹಾಕಿಸಲಿ. ಈ ನಗರಕ್ಕೆ ಇಡ್ಲಿ-ಸಾಂಬಾರಿನ ರುಚಿ ಹಿಡಿಸಿದ ಹೋಟೆಲು ಉದ್ಯಮಿಗಳು ವಾರಕ್ಕೊಂದು ದಿನ ಹಂಗಾಮಿನ ಒಂದು ಪಲ್ಯವನ್ನು ಫಲಕದಲ್ಲಿ ಬರೆದರೆ ಗಿರಾಕಿ ಬೇಡವೆನ್ನಲಾರ.

ಮುಂದಿನ ಆಟಿಗೆ ಸಭಾಗೃಹದ ಪತ್ರೊಡೆಗೆ ಬೇಕಾದ ಎಲೆಯನ್ನು ಸದಸ್ಯರೊಬ್ಬರು ನಿಲ್ದಾಣದ ಹೊರಗಿನ ಗೋಣಿಯಿಂದ ಹೆಸರು ಹಿಡಿದು ಕೇಳಿ ತಂದರೆ, ಅಂದಿನ ಕಾರ್ಯಕ್ರಮ ಸಾರ್ಥಕ.