ಸ್ನಾಯುವನ್ನು ಸಡಿಲಿಸುವ ಅನಿಲ

ಅನ್ನನಾಳವು ಜಠರವನ್ನು ಸೇರುವಲ್ಲಿ ಉಂಗುರದಂಥ ಸ್ನಾಯುವೊಂದಿದೆ. ಸದಾ ಅದು ಬಿಗಿದುಕೊಂಡೇ ಇರುತ್ತದೆ. ಇಲ್ಲದಿದ್ದರೆ ಜಠರದ ಆಮ್ಲ ಮೇಲಕ್ಕೆ ನುಗ್ಗೀತು. ಹಾಗಾದರೆ ನುಂಗಿದ ತುತ್ತಿಗೆ ಬಾಗಿಲು ತೆರೆಯುವವರು ಯಾರು?

ನರಗಳೇ. ನರದ ಆಜ್ಞೆ ಬಂದರೆ ಸ್ನಾಯು ಸಂಕುಚಿಸುತ್ತದೆ ಎಂದು ಪಾಠದಲ್ಲಿ ಓದಿರುತ್ತೀರಿ. ಕೈಕಾಲುಗಳ ಸ್ನಾಯುಗಳ ಮಟ್ಟಿಗೆ ಅದು ಸರಿ. ಅಲ್ಲಿ ಆಜ್ಞೆ ಒಯ್ಯುವುದು ಅಸಿಟೈಲ್‌ಕೋಲೀನ್. ಆದರೆ ಜೀರ್ಣಾಂಗಗಳ ಅನೈಚ್ಛಿಕ ಸ್ನಾಯುಗಳಿಗೆ ‘ಸಡಿಲಾಗು’ ಎಂದು ಹೇಳುವ ನರಗಳೂ ಇವೆ. ಅವುಗಳ ಮುಖ್ಯ ದೂತ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ!

ಅಸಿಟೈಲ್‌ಕೋಲೀನನ್ನು ನರತುದಿಯ ಪುಟ್ಟ ಚೀಲಗಳಲ್ಲಿ ಕೂಡಿಡುವಂತೆ ಇದನ್ನು ಕೂಡಿಡಲಾಗದು. ಬೇಕಾದಾಗಲೇ ಆರ್ಜಿನೀನ್ ಎಂಬ ಅಮೈನೋ ಆಮ್ಲದಿಂದ ತಯಾರಾಗಿ, ಕೋಶದ ಪೊರೆ ದಾಟಿ ಸ್ನಾಯುವಿನೊಳಕ್ಕೆ ನುಸುಳುತ್ತದೆ. ಅಲ್ಲಿ ಸೈಕ್ಲಿಕ್ ಜಿಎಂಪಿ ಎಂಬ ವಸ್ತು ಹೆಚ್ಚಿ ಸ್ನಾಯು ಸಡಿಲಗೊಳ್ಳುತ್ತದೆ. ಕೆಲವೇ ಕ್ಷಣಗಳಲ್ಲಿ ಅನಿಲ ಇಲ್ಲವಾಗುತ್ತದೆ.

ರಕ್ತನಾಳಗಳನ್ನು ಹಿಗ್ಗಿಸುವುದೂ ಇದೇ ಅನಿಲ. ಅದನ್ನು ತೋರಿಸಿಕೊಟ್ಟ ಅಮೆರಿಕದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಸಡಿಲಿಸುವ ನರಗಳು ನಶಿಸಿದರೆ? ಅಕಲೇಸಿಯಾ ಎಂಬ ಕಾಯಿಲೆಯಲ್ಲಿ ಆಗುವುದು ಅದೇ. ಬಾಗಿಲು ಸರಿಯಾಗಿ ತೆರೆಯದೆ ಅನ್ನ, ನೀರು ಎರಡೂ ಅನ್ನನಾಳದಲ್ಲೇ ನಿಲ್ಲುತ್ತವೆ. ಮಕ್ಕಳಲ್ಲಿ ಇದು ಅಪರೂಪ. ಆದರೂ ಮಗು ಪದೇ ಪದೇ ‘ಎದೆಯಲ್ಲಿ ಸಿಕ್ಕಿಕೊಳ್ಳುತ್ತೆ’ ಎಂದರೆ, ಊಟ ತಪ್ಪಿಸಲು ನೆಪವೆಂದು ಗದರದೆ ವೈದ್ಯರಿಗೆ ತೋರಿಸಿ.

ವಿದ್ಯಾರ್ಥಿಗಳಿಗೊಂದು ಸೂಚನೆ: ನಗೆ ಅನಿಲವೆನಿಸಿದ ನೈಟ್ರಸ್ ಆಕ್ಸೈಡ್ ಬೇರೆ, ಇದು ಬೇರೆ. ಅದರ ಅಣುವಿನಲ್ಲಿ ಸಾರಜನಕದ ಪರಮಾಣು ಎರಡು, ಇದರಲ್ಲಿ ಒಂದೇ.