ಓಡುವ ಚಿತ್ರದಿಂದ ನಿಂತ ಚಿತ್ರ

ಮದುವೆಯ ವೀಡಿಯೋದೊಳಗಿಂದ ಒಬ್ಬರ ಪಟವನ್ನು ಬೇರ್ಪಡಿಸಿ ತೆಗೆಯಬಹುದೇ ಎಂದು ಕೆಲವರು ವಾಚಕರು ನಮ್ಮನ್ನು ಕೇಳಿರುವರು. ಧಾರಾಳವಾಗಿ ತೆಗೆಯಬಹುದು. ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡಿಲ್ಲದವರು ಮಾತ್ರ ತ್ವರೆಪಡಬೇಕು. ಕಾಂತಪಟ್ಟಿಯು ವರ್ಷ ಕಳೆದಂತೆ ಕ್ಷೀಣಿಸುವುದು. ಅದನ್ನು ಓಡಿಸುವ ಯಂತ್ರವನ್ನು ಕಡೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನೈ ಕಂಪನಿಯೂ 2016ರಲ್ಲಿ ಆ ಕೆಲಸವನ್ನು ಕೈಬಿಟ್ಟಿತು.

ಉರಿಯುವ ಕೊಳ್ಳಿಯನ್ನು ಬೀಸಿದರೆ ಬೆಂಕಿಯ ಬಳೆಯೊಂದು ಕಾಣುವುದಷ್ಟೆ. ಮಾಂಡೂಕ್ಯಕಾರಿಕೆಯ ನಾಲ್ಕನೆಯ ಪ್ರಕರಣಕ್ಕೆ ಗೌಡಪಾದರು ಇದರಿಂದಲೇ ಅಲಾತಶಾಂತಿಯೆಂದು ಹೆಸರಿಟ್ಟರು. ವೀಡಿಯೋವೂ ಅಂಥದೇ. ನಮ್ಮ ದೇಶದ ಹಳೆಯ ಟೆಲಿವಿಷನ್ ಪದ್ಧತಿಯಲ್ಲಿ ಒಂದು ಸೆಕೆಂಡಿಗೆ 25 ನಿಂತ ಚಿತ್ರಗಳು. ಓಟವೆಂಬುದು ನಮ್ಮ ಕಣ್ಣಿನ ಕಲ್ಪನೆ.

ಬೆಲೆಯಿಲ್ಲದೆ ದೊರೆಯುವ ಶಾಟ್‌ಕಟ್ ಎಂಬ ಸಂಕಲನ ತಂತ್ರಾಂಶದಲ್ಲಿ ವೀಡಿಯೋವನ್ನು ತೆರೆದು, ಬೇಕಾದೆಡೆಯಲ್ಲಿ ನಿಲ್ಲಿಸಿ, ಎಡಬಲದ ಬಾಣದ ಕೀಲಿಗಳನ್ನು ಒತ್ತಿದರೆ ಒಂದೊಂದೇ ಚಿತ್ರವಾಗಿ ಹಿಂದುಮುಂದಕ್ಕೆ ಸರಿಯಬಹುದು. ಒಳ್ಳೆಯದು ಸಿಕ್ಕೊಡನೆ ‘ಎಕ್ಸ್‌ಪೋರ್ಟ್ ಫ್ರೇಮ್’ ಎಂಬುದನ್ನು ಆರಿಸತಕ್ಕದ್ದು. ಜೇಪೆಗ್ಗಿಗಿಂತ ಪಿಎನ್‌ಜಿ ರೂಪವು ಮೇಲು. ಉಳಿಸುವಾಗ ಅದರಲ್ಲಿ ಏನೂ ನಷ್ಟವಾಗದು.

ಹಳೆಯ ವೀಡಿಯೋದಲ್ಲಿ ಒಂದು ತೊಡಕುಂಟು. ಚಿತ್ರದ ಗೆರೆಗಳಲ್ಲಿ ಒಂದು ಬಿಟ್ಟು ಒಂದು ಮೊದಲು ಸೆರೆಯಾಗಿ, ಉಳಿದವು 1/50 ಸೆಕೆಂಡಿನ ಅನಂತರ ಸೆರೆಯಾಗಿರುವುವು. ಅಷ್ಟರೊಳಗೆ ಕೈ ಕದಲಿದ್ದರೆ ಅಂಚೆಲ್ಲ ಬಾಚಣಿಗೆಯ ಹಲ್ಲಿನಂತೆ ತೋರುವುದು. ‘ಡಿಇಂಟರ್ಲೇಸ್’ ಎಂಬ ಏರ್ಪಾಡಿನಿಂದ ಇದನ್ನು ನೀಗಬಹುದಾದರೂ, ಚಲನೆಯಿಲ್ಲದ ಕ್ಷಣವನ್ನು ಹುಡುಕುವುದೇ ಉತ್ತಮ.

ನಮ್ಮ ನೆರೆಮನೆಯಲ್ಲಿ ತೀರಿಹೋದ ಅಜ್ಜಿಯ ಪಟ ಒಂದೂ ಇರಲಿಲ್ಲ. ಫೋಟೋದವರು ವಧೂವರರನ್ನು ಬಿಟ್ಟು ಕದಲುವವರಲ್ಲ. ಒಳಗೆ ಒಬ್ಬಟ್ಟು ತಟ್ಟುವವರನ್ನು ಕೇಳುವವರಾರು? ವೀಡಿಯೋದವನು ಹೊತ್ತು ತುಂಬಿಸುವುದಕ್ಕೋ ಏನೋ, ಅಡುಗೆಮನೆಗೂ ನುಗ್ಗಿದ್ದನು. ಆಕೆ ಕಂಡದ್ದು ಮೂರು ಸೆಕೆಂಡು, ಎಂದರೆ 75 ಚಿತ್ರ. ಅವುಗಳಲ್ಲಿ ಕೈ ನಿಂತು, ತಲೆಯೆತ್ತಿ, ಕಣ್ಣು ತೆರೆದಿದ್ದವು ಐದೋ ಆರೋ. ಮೊಮ್ಮಗನು ಒಂದನ್ನು ತೆಗೆದು, ಮಸುಕಾಗಿದೆಯೆಂದು ಕೃತಕ ಬುದ್ಧಿಯ ಯಂತ್ರದಿಂದ ತಿದ್ದಿಸಿ ತಾಯಿಗೆ ತೋರಿಸಿದನು. ಆಕೆ ನೋಡಿ, “ಯಾರೋ ಇವಳು? ನಮ್ಮಮ್ಮನಿಗೆ ಇಷ್ಟು ಹಲ್ಲೆಲ್ಲಿತ್ತು?” ಎಂದರು. ಆ ಯಂತ್ರಗಳು ಇಲ್ಲದ ವಿವರವನ್ನು ಊಹಿಸಿ ಬರೆಯುವುವೇ ಹೊರತು ಅಳಿದುದನ್ನು ಮರಳಿ ತಾರವು. ಈಗ ಆ ಮನೆಯ ಗೋಡೆಯ ಮೇಲಿರುವುದು ಮಸುಕಿನ ಪಟವೇ. ನಮಗೂ ಅದೇ ಸರಿಯೆನಿಸುತ್ತದೆ.

ಪಟವನ್ನು ಅತಿ ದೊಡ್ಡದಾಗಿ ಮಾಡಿಸಬಾರದು. ಹಳೆಯ ವೀಡಿಯೋದ ಚಿತ್ರದಲ್ಲಿ ಅಡ್ಡಲಾಗಿ 720 ಚುಕ್ಕೆಗಳು ಮಾತ್ರ; ಅಂಗುಲಕ್ಕೆ 150ರಂತೆ ಅಚ್ಚು ಹಾಕಿಸಿದರೂ ಸುಮಾರು 5 ಅಂಗುಲವಷ್ಟೆ. ಈಗಿನ ಮೊಬೈಲಿನ ‘ನಾಲ್ಕು ಕೆ’ ವೀಡಿಯೋದಲ್ಲಿ 3840 ಚುಕ್ಕೆಗಳಿರುವುದರಿಂದ, ಅಂಗುಲಕ್ಕೆ 300ರಂತೆಯೂ 12 ಅಂಗುಲ ಮೀರುವುದು.

ತೆಗೆದ ಚಿತ್ರದ ಹೆಸರಿನಲ್ಲಿಯೇ ಯಾರದು, ಯಾರ ಮದುವೆ, ಯಾವ ವರ್ಷ, ವೀಡಿಯೋದ ಎಷ್ಟನೆಯ ನಿಮಿಷವೆಂದು ಬರೆದಿಡಬೇಕು. ದೂರದ ಊರಿನ ಸೊಸೆಯೋ ಮೊಮ್ಮಗಳೋ ಇನ್ನೊಂದು ಪಟ ಬೇಕೆಂದಾಗ ಮೂರು ಗಂಟೆಯ ವೀಡಿಯೋವನ್ನು ಮೊದಲಿಂದ ನೋಡುವ ಪ್ರಮೇಯ ತಪ್ಪುವುದು.