ಮನೆಯ ಪುಸ್ತಕದ ಬೀರು: ಸ್ವಾಮಿಯು ತಪ್ಪಿಸಿಕೊಂಡ ಪಂದ್ಯ

ತೆರೆಯ ಮೇಲೆ ಕಂಡ ಕಥೆಯನ್ನು ಮತ್ತೆ ಗ್ರಂಥದಲ್ಲಿ ಓದುವುದೇಕೆಂದು ಕೇಳುವವರುಂಟು. ಮೈಸೂರಿನಲ್ಲಿ ಬಹುಕಾಲ ಬಾಳಿದ ಆರ್. ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಎಂಬ ಕಾದಂಬರಿಯು ಆ ಪ್ರಶ್ನೆಗೆ ತಕ್ಕ ಉತ್ತರವಾಗಿದೆ. 1935ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಈ ಆಂಗ್ಲ ಗ್ರಂಥವು ಕನ್ನಡಕ್ಕೂ ಅನುವಾದವಾಗಿದೆ.

ಈ ಕಥೆಯನ್ನು ನಮ್ಮವರು ಮೊದಲು ಕಂಡುದು ಬಹುಮಟ್ಟಿಗೆ ದೂರದರ್ಶನದಲ್ಲಿ. 1986-87ರ ಸುಮಾರಿನಲ್ಲಿ ಶಂಕರನಾಗರು ಆಗುಂಬೆಯನ್ನೇ ಮಾಲ್ಗುಡಿಯನ್ನಾಗಿ ಮಾಡಿ ನಿರ್ಮಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಬಾಲಕ ಮಂಜುನಾಥನು ಸ್ವಾಮಿಯಾಗಿದ್ದನು. ಅದನ್ನು ನೋಡಿ ನಲಿದ ಮಕ್ಕಳು ಇಂದು ತಾವೇ ತಂದೆತಾಯಿಗಳಾಗಿರುವರು. ಅವರು ತಮ್ಮ ಮಕ್ಕಳಿಗೆ ಇದನ್ನು ಓದಿ ಹೇಳಲೆಂಬುದು ನಮ್ಮ ಸೂಚನೆ.

ಮೊದಲನೆಯದಾಗಿ ಹಾಸ್ಯವನ್ನು ನೋಡಿರಿ. ರಾಜಮನೂ ಸ್ವಾಮಿಯೂ ಮಣಿಯೂ ಕೂಡಿ ಒಂದು ಕ್ರಿಕೆಟ್ ತಂಡವನ್ನು ಕಟ್ಟಲು ಹೊರಡುತ್ತಾರೆ. ತಂಡಕ್ಕೆ ಹೆಸರೇನಿಡಬೇಕು, ಸರ್ಕಾರಕ್ಕೆ ಕಂದಾಯವೇನಾದರೂ ಸಲ್ಲಬೇಕೋ ಎಂಬ ಗಂಭೀರ ಸಮಾಲೋಚನೆ ನಡೆಯುವುದು. ಮದರಾಸಿನ ಆಟದ ಸಾಮಾನಿನ ಅಂಗಡಿಗೆ ಕಾಗದವನ್ನೂ ಬರೆಯುತ್ತಾರೆ. ಅಂಗಡಿಯವರು ಮುಂಗಡ ಹಣ ಕೇಳಿ ಬರೆದ ಉತ್ತರದ ಅರ್ಥವೇ ಅವರಿಗಾಗದು! ಗ್ರಂಥಕರ್ತರು ಹುಡುಗರನ್ನು ಎಲ್ಲಿಯೂ ಪರಿಹಾಸ್ಯ ಮಾಡಿಲ್ಲ. ಹುಡುಗರ ಗಾಂಭೀರ್ಯವನ್ನು ತಾವೂ ಗಾಂಭೀರ್ಯದಿಂದಲೇ ವರ್ಣಿಸಿರುವರು. ನಗುವು ತಾನಾಗಿ ಹುಟ್ಟುತ್ತದೆ.

ಎರಡನೆಯದು ಆಟದ ನೀತಿ. ಅಭ್ಯಾಸಕ್ಕೆ ಹೊತ್ತು ಸಿಕ್ಕದೆ ಪರದಾಡಿ, ಮುಖ್ಯೋಪಾಧ್ಯಾಯರ ಬೆತ್ತಕ್ಕೆ ಹೆದರಿ, ಸ್ವಾಮಿಯು ಊರನ್ನೇ ಬಿಟ್ಟು ಓಡುತ್ತಾನೆ. ಕಾಡುದಾರಿಯಲ್ಲಿ ಇರುಳಿನಲ್ಲಿ ಹಾದಿ ತಪ್ಪಿ ಬಸವಳಿದವನನ್ನು ಅರಣ್ಯಾಧಿಕಾರಿಯೊಬ್ಬರು ಉಪಚರಿಸುವರು. ಅವನು ಹಿಂದಿರುಗುವ ವೇಳೆಗೆ ಪಂದ್ಯವು ಮುಗಿದು ತಂಡವು ಸೋತಿರುತ್ತದೆ. ನಾಯಕನಾದ ರಾಜಮನು ಕ್ಷಮಿಸುವುದಿಲ್ಲ. ಆಟದಲ್ಲಿ ಗೆಲ್ಲುವುದಕ್ಕಿಂತ ಹೇಳಿದ ಹೊತ್ತಿಗೆ ಬಂದು ನಿಲ್ಲುವುದೇ ದೊಡ್ಡದೆಂದು ಯಾವ ಉಪದೇಶವೂ ಇಷ್ಟು ಚೆನ್ನಾಗಿ ತಿಳಿಸಲಾರದು. ಆದರೂ ಓದುವವನ ಮರುಕವೆಲ್ಲ ತಪ್ಪಿತಸ್ಥನ ಕಡೆಗೇ ಹರಿಯುವುದು.

ಕಡೆಯ ಪ್ರಕರಣವನ್ನು ಅವಸರವಿಲ್ಲದೆ ಓದಬೇಕು. ತಂದೆಗೆ ವರ್ಗವಾಗಿ ರಾಜಮನು ಊರು ಬಿಡುತ್ತಾನೆ. ಆಂಡರ್ಸನ್ನನ ಕಿನ್ನರಿ ಕಥೆಗಳ ಪುಸ್ತಕವೊಂದನ್ನು ಕಾಣಿಕೆಯಾಗಿ ಹಿಡಿದು ಸ್ವಾಮಿಯು ರೈಲು ನಿಲ್ದಾಣಕ್ಕೆ ಬರುವನು. ಗಾಡಿಯು ಚಲಿಸುತ್ತಿರುವಾಗ ಪುಸ್ತಕವು ರಾಜಮನ ಕೈ ಸೇರುವುದು. ಅವನಾಡಿದ ಮಾತು ಗದ್ದಲದಲ್ಲಿ ಕೇಳಿಸದು. ಅವನು ಕಾಗದ ಬರೆಯುವನೆಂದು ಮಣಿಯು ಹೇಳುತ್ತಾನೆ. ಆ ಮಾತು ದಿಟವೋ, ಗೆಳೆಯನ ಸಮಾಧಾನಕ್ಕೆ ಆಡಿದ್ದೋ, ಮಣಿಯ ಮುಖವನ್ನು ನೋಡಿದರೂ ಸ್ವಾಮಿಗೆ ತಿಳಿಯದು, ಗ್ರಂಥಕರ್ತರೂ ಹೇಳುವುದಿಲ್ಲ.

ತೆರೆಯ ಮೇಲಿನ ಚಿತ್ರವು ನಮಗಾಗಿ ಕಾಯದೆ ಮುಂದಕ್ಕೆ ಸಾಗುವುದು. ಪುಸ್ತಕವಾದರೋ ಬೆರಳಿಟ್ಟು ಮುಚ್ಚಿದಲ್ಲಿಯೇ ನಿಲ್ಲುತ್ತದೆ. ಆದಕಾರಣ ಇರುಳೂಟದ ಬಳಿಕ ದಿನಕ್ಕೊಂದು ಪ್ರಕರಣದಂತೆ ಗಟ್ಟಿಯಾಗಿ ಓದಿರಿ. ಕಡೆಯ ಪುಟ ಮುಗಿದಾಗ, ರಾಜಮನು ಕಾಗದ ಬರೆದನೇ ಎಂದು ಮಕ್ಕಳು ಕೇಳದೆ ಇರರು. ಅವಸರಪಟ್ಟು ಉತ್ತರ ಕೊಡದೆ, ಅವರೇನೆನ್ನುವರೆಂದು ಮೊದಲು ಕೇಳುವುದು ಲೇಸು.